ಬಿಡುವಿನಲ್ಲಿ ತಂಡದ ಮರುಜೋಡಣೆ

ಪ್ರಶ್ನೆ: ಗೆಳೆಯರೆಲ್ಲ ಸೇರಿ ಕಂಪ್ಯೂಟರಿನಲ್ಲಿ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ನಿಯಮಗಳಂತೆ ಕಾಲ್ಪನಿಕ ಲೀಗ್ ನಡೆಸುತ್ತಿದ್ದೇವೆ. ಒಪ್ಪಂದ ಮುಗಿದ ನಮ್ಮ 36 ವರ್ಷದ ಗೋಲ್‌ಕೀಪರನನ್ನು ಉಳಿಸಿಕೊಳ್ಳುವಷ್ಟು ಹಣ ಹೊಂದಿಸಲು ಇಬ್ಬರು ಯುವ ರಕ್ಷಣಾ ಆಟಗಾರರನ್ನು ಬಿಟ್ಟುಕೊಡಬಹುದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಬಿಟ್ಟುಕೊಡಬೇಡಿ. ಎನ್‌ಎಚ್‌ಎಲ್‌ನಲ್ಲಿ 2005ರಿಂದ ತಂಡದ ಒಟ್ಟು ಸಂಬಳಕ್ಕೆ ಮಿತಿಯಿದ್ದು, ಮೊದಲ ಒಪ್ಪಂದದ ಸಂಬಳಕ್ಕೂ ಪ್ರತ್ಯೇಕ ಮಿತಿ ಇರುವುದರಿಂದ, ಚೆನ್ನಾಗಿ ಆಡುವ ಯುವಕರು ತಂಡಕ್ಕೆ ಅಗ್ಗವಾಗಿ ದೊರೆಯುತ್ತಾರೆ. ಅವರನ್ನು ಕಳೆದುಕೊಂಡರೆ ಅದೇ ಗುಣಮಟ್ಟದವರಿಗೆ ಜುಲೈ 1ರಂದು ತೆರೆಯುವ ಮುಕ್ತ ಆಟಗಾರರ (ಒಪ್ಪಂದ ಮುಗಿದು ಯಾವ ತಂಡಕ್ಕಾದರೂ ಸೇರಬಹುದಾದವರ) ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ ತೆರಬೇಕಾಗುತ್ತದೆ. ಹಿರಿಯ ಗೋಲ್‌ಕೀಪರನ ಮೇಲಿನ ನಿಮ್ಮ ಅಭಿಮಾನ ನನಗೆ ಅರ್ಥವಾಗುತ್ತದೆ. ಪಂದ್ಯಕ್ಕೆ ಸಜ್ಜಾಗುವ 20 ಮಂದಿಯಲ್ಲಿ ಇಬ್ಬರು ಗೋಲ್‌ಕೀಪರ್‌ಗಳಿರುತ್ತಾರಲ್ಲವೇ? ನಿಮ್ಮ ಹಿರಿಯರನ್ನು ಕಡಿಮೆ ಸಂಬಳಕ್ಕೆ, ಒಂದೇ ವರ್ಷಕ್ಕೆ, ಎರಡನೆಯವರಾಗಿ ಒಪ್ಪಿಸಿ ನೋಡಿ.