ಹತ್ತು ದಿನದ ಹುರುಪು ಮತ್ತು ಒಂದು ಮಲಪರೀಕ್ಷೆ

ಕಾಸರಗೋಡಿನ ಬದಿಯಡ್ಕ ಕಡೆಯ ಗೃಹಸ್ಥರು, ವಯಸ್ಸು ಮೂವತ್ತು ದಾಟಿದೆ. ಸ್ವಲ್ಪ ಅಡಿಕೆ ತೋಟ, ಜೊತೆಗೆ ಒಂದು ಅಂಗಡಿ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಹೆಂಡತಿಯೊಂದಿಗೆ ಬಂದವರು ಮೊದಲು ಮುಂದಿಟ್ಟದ್ದು ದುಬೈಯಲ್ಲಿರುವ ಭಾವ ದುಡ್ಡು ಕೊಟ್ಟು ಮಾಡಿಸಿದ ಮಲಪರೀಕ್ಷೆಯ ಬಣ್ಣದ ವರದಿ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆ, ಖಿನ್ನತೆಯ ಅಪಾಯ ಹೆಚ್ಚು ಎಂದು ಅದರಲ್ಲಿತ್ತು. ವೈದ್ಯರು ಕೊಟ್ಟ ಖಿನ್ನತೆಯ ಮಾತ್ರೆ ನಿಲ್ಲಿಸಿ, ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಪ್ರೊಬಯಾಟಿಕ್ ಕ್ಯಾಪ್ಸೂಲ್ ನುಂಗುತ್ತಿದ್ದರು. "ಮೇಡಂ, ಕಾಯಿಲೆ ಇರುವುದು ಹೊಟ್ಟೆಯಲ್ಲಿ, ತಲೆಯಲ್ಲಲ್ಲ" ಎಂದರು. ಹೇಳುವಾಗ ಅವರ ಮುಖದಲ್ಲಿದ್ದ ನೆಮ್ಮದಿ ನನಗೆ ಅರ್ಥವಾಗುತ್ತದೆ. ಹೊಟ್ಟೆಯ ಕಾಯಿಲೆಗೆ ಊರಿನಲ್ಲಿ ಯಾರೂ ಹೆಸರಿಡುವುದಿಲ್ಲ.

ವರದಿ ಪೂರ್ತಿ ಗಾಳಿಮಾತಲ್ಲ. ಬ್ಯಾಕ್ಟೀರಿಯಾ ಸೋಂಕದಂತೆ ಬೆಳೆಸಿದ ಇಲಿಗಳಲ್ಲಿ ಒತ್ತಡದ ಹಾರ್ಮೋನು ಹೆಚ್ಚು ಏರುತ್ತದೆಂದು 2004ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. 2019ರಲ್ಲಿ ಬೆಲ್ಜಿಯಂನ ಸಾವಿರಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ, ಖಿನ್ನತೆ ಇದ್ದವರಲ್ಲಿ ಕೋಪ್ರೊಕೋಕಸ್, ಡಯಲಿಸ್ಟರ್ ಎಂಬ ಬ್ಯಾಕ್ಟೀರಿಯಾ ಕಡಿಮೆ ಕಂಡುಬಂದವು. ಆದರೆ ಅದು ಗುಂಪಿನ ಸರಾಸರಿ. ಊಟ, ಮಲಬದ್ಧತೆ, ಆ್ಯಂಟಿಬಯಾಟಿಕ್ ಯಾವುದೇ ಆಗಲಿ ಈ ಲೆಕ್ಕವನ್ನು ಬದಲಿಸಬಲ್ಲದು. ಇವರಿಗೋ ತಿಂಗಳುಗಳಿಂದ ಊಟ ಸೇರುತ್ತಿರಲಿಲ್ಲ. ಮನಸ್ಥಿತಿಯೊಂದಿಗೆ ನಂಟಿರುವ ರಾಸಾಯನಿಕ ಸೆರೊಟೋನಿನ್, ದೇಹದಲ್ಲಿರುವ ಅದರಲ್ಲಿ ಸುಮಾರು ಶೇಕಡಾ 90 ಕರುಳಿನಲ್ಲೇ ತಯಾರಾಗುತ್ತದೆ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ ಎಂಬ ಮಾತು ಮಾತ್ರ ಯಾವ ಪುಟದಲ್ಲೂ ಇರಲಿಲ್ಲ. ಮಲ ನೋಡಿ ಖಿನ್ನತೆ ಯಾವುದು, ಬೈಪೋಲಾರ್ (ಖಿನ್ನತೆಯೂ ಅತಿ ಹುರುಪೂ ಬೇರೆ ಬೇರೆ ಕಾಲದಲ್ಲಿ ಬರುವ ಕಾಯಿಲೆ) ಯಾವುದು ಎಂದು ಹೇಳುವ ಮಾನ್ಯ ಪರೀಕ್ಷೆ ಇಂದಿಗೂ ಇಲ್ಲ.

ನನ್ನ ಗಮನ ಸೆಳೆದದ್ದು ಅವರು ಮಾತ್ರೆ ಬಿಟ್ಟ ಕಾರಣ. ನುಂಗತೊಡಗಿದ ಎರಡನೆಯ ವಾರದಲ್ಲಿ ನಿದ್ದೆ ಹಾರಿತ್ತು, ಯೋಚನೆಗಳು ಒಂದರ ಮೇಲೊಂದು ನುಗ್ಗುತ್ತಿದ್ದವು, ಗಿರಾಕಿಗಳ ಮೇಲೆ ರೇಗುತ್ತಿದ್ದರು. ಹಾಗಾಗಿ ಕೆಟ್ಟ ದಿನಗಳನ್ನು ಬಿಟ್ಟು, ಅತಿ ಒಳ್ಳೆಯ ದಿನಗಳ ಬಗ್ಗೆ ಕೇಳಿದೆ. ಅವರಿಗೆ ಏನೂ ನೆನಪಾಗಲಿಲ್ಲ. ಹೆಂಡತಿ ನಕ್ಕರು.

"ದೇವಸ್ಥಾನದ ಬ್ರಹ್ಮಕಲಶೋತ್ಸವದ ಸಮಯದಲ್ಲಿ ಇವರನ್ನು ನೀವು ನೋಡಬೇಕಿತ್ತು. ಹತ್ತು ದಿನ, ರಾತ್ರಿ ಮೂರು ಗಂಟೆ ಮಲಗಿದರೆ ಹೆಚ್ಚು. ಆಯಾಸವೇ ಇಲ್ಲ. ಸಮಿತಿಯವರೆಲ್ಲ ಹೊಗಳಿದ್ದೇ ಹೊಗಳಿದ್ದು." ಅದೇ ವಾರ ತನ್ನನ್ನು ಕೇಳದೆ ಸಾಲದಲ್ಲಿ ಜೀಪು ತಂದರು, ಎರಡು ಚಿಟ್ಟಿಗೆ ಸೇರಿದರು ಎಂಬುದನ್ನು ಆಮೇಲೆ, ಸ್ವಲ್ಪ ತಡೆದು ಹೇಳಿದರು. ಗಂಡನ ಚಿಕ್ಕಪ್ಪನೂ ಹೀಗೆಯೇ ಇದ್ದು ಕೊನೆಗೆ ಮನೆ ಬಿಟ್ಟು ಹೋದವರಂತೆ.

ಹುರುಪನ್ನು ಕಾಯಿಲೆಯೆಂದು ಯಾರೂ ವೈದ್ಯರಲ್ಲಿಗೆ ಒಯ್ಯುವುದಿಲ್ಲ. ನಾಲ್ಕು ದಿನ ಅಥವಾ ಅದಕ್ಕಿಂತ ಹೆಚ್ಚು ಹೀಗಿದ್ದರೆ ಹೈಪೊಮೇನಿಯಾ, ಅಂದರೆ ಕಾಯಿಲೆಯ ಮಟ್ಟದ ಅತಿ ಹುರುಪು, ಇರಬಹುದೇ ಎಂದು ವಿಚಾರಿಸಬೇಕು. ಅದು ತಪ್ಪಿಹೋದರೆ ಬೈಪೋಲಾರ್ ಇರುವವರಿಗೂ ಬರಿಯ ಖಿನ್ನತೆಯ ಮಾತ್ರೆ ಸಿಗುತ್ತದೆ, ಅದು ಕೆಲವರನ್ನು ಇನ್ನಷ್ಟು ಕೆರಳಿಸುತ್ತದೆ. ರೋಗನಿರ್ಣಯ ಆಪ್ತಸಲಹೆಗಾರರ ಕೆಲಸವಲ್ಲ. ಕೇಳಿದ್ದನ್ನೆಲ್ಲ ಒಂದು ಪತ್ರದಲ್ಲಿ ಬರೆದು ಮಂಗಳೂರಿನ ಮನೋವೈದ್ಯರಿಗೆ ಕಳುಹಿಸಿದೆ. ಕನ್ನಡದಲ್ಲಿ ಬಿಚ್ಚಿ ಮಾತನಾಡಬಹುದು ಎಂಬ ಕಾರಣಕ್ಕೆ ಇವರೇ ಗಡಿಯ ತಲಪಾಡಿ ದಾಟಿ ಹೋಗಲು ಬಯಸಿದ್ದರು. ಅಲ್ಲಿ ಬೈಪೋಲಾರ್‌ನ ಎರಡನೆಯ ಬಗೆ (ಖಿನ್ನತೆಯ ಜೊತೆ ಹೈಪೊಮೇನಿಯಾ ಬರುವುದು) ಎಂದು ಗುರುತಿಸಿ, ಮನಸ್ಸಿನ ಏರಿಳಿತ ತಡೆಯುವ ಔಷಧಿ ಲಿಥಿಯಂ ಆರಂಭಿಸಿದರು.

ಸಾಯುವ ಯೋಚನೆ ಬರುತ್ತದೆಯೇ ಎಂದು ಮೊದಲ ದಿನವೇ ನೇರವಾಗಿ ಕೇಳಿದ್ದೆ. "ಕೆಲವೊಮ್ಮೆ" ಎಂದರು. ತೋಟದ ಔಷಧಿ ಇಡುವ ಕೋಣೆಯ ಬೀಗದ ಕೈ ಅಂದಿನಿಂದ ಹೆಂಡತಿಯ ಬಳಿ ಇದೆ. ಟೆಲಿ ಮಾನಸ್ ಸಹಾಯವಾಣಿ 14416 ಇಬ್ಬರ ಮೊಬೈಲಿನಲ್ಲೂ ಇದೆ, ಕನ್ನಡದಲ್ಲೂ ಮಾತನಾಡಬಹುದು.

ಉಳಿದ ಸಲಹೆಯಲ್ಲಿ ಹೆಚ್ಚಿನದು ನಿದ್ದೆಯ ಬಗ್ಗೆ. ಬೆಳಗಿನ ತನಕ ನಡೆಯುವ ಯಕ್ಷಗಾನ ಸದ್ಯ ಬೇಡ, ಕಾಲಮಿತಿಯ ಆಟಕ್ಕೆ ಹೋಗಿ ಎಂದೆ. ಇದಕ್ಕೆ ಅವರು ಒಪ್ಪಿದ್ದು ಮಾತ್ರೆಗೆ ಒಪ್ಪಿದ್ದಕ್ಕಿಂತ ಕಷ್ಟದಲ್ಲಿ. ಎರಡು ರಾತ್ರಿ ನಿದ್ದೆ ಕಡಿಮೆಯಾಗಿಯೂ ಆಯಾಸ ಕಾಣದಿದ್ದರೆ ಹೆಂಡತಿ ವೈದ್ಯರಿಗೆ ಫೋನ್ ಮಾಡಬೇಕು, ಆ ವಾರ ದೊಡ್ಡ ಖರ್ಚು ಬೇಡ ಎಂದು ಇಬ್ಬರೂ ಒಪ್ಪಿ ಬರೆದಿಟ್ಟರು.

ಇನ್ನು ಹೊಟ್ಟೆ. ಕುಚ್ಚಲಕ್ಕಿ ಗಂಜಿ, ಮಜ್ಜಿಗೆ ಇರಲಿ. ಕ್ಯಾಪ್ಸೂಲ್ ಬೇಕಿದ್ದರೆ ವೈದ್ಯರನ್ನು ಕೇಳಿ, ಲಿಥಿಯಂ ಬದಲಿಗಂತೂ ಅಲ್ಲ ಎಂದೆ. ಕರುಳಿಗೂ ಈ ಔಷಧಿಗೂ ನಿಜವಾದ ನಂಟು ಬೇರೆ ಕಡೆ ಇದೆ. ವಾಂತಿ ಭೇದಿಯಾದರೆ, ಬೇಸಿಗೆಯಲ್ಲಿ ತೋಟದಲ್ಲಿ ಬೆವರಿ ನೀರು ಕುಡಿಯದಿದ್ದರೆ ರಕ್ತದಲ್ಲಿ ಲಿಥಿಯಂ ವಿಷದ ಮಟ್ಟಕ್ಕೆ ಏರಬಹುದು. ಕೈ ನಡುಗಿ ನಡಿಗೆ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಲಿಥಿಯಂ ಮಟ್ಟ ಉಪ್ಪಿನೊಂದಿಗೂ ಏರಿಳಿಯುವುದರಿಂದ ಉಪ್ಪನ್ನು ಒಮ್ಮೆಲೇ ಬಿಡುವುದೂ ಬೇಡ, ಮಳೆಗಾಲದ ಆಟಿ ತಿಂಗಳಲ್ಲಿ ಉಪ್ಪಿನಲ್ಲಿಟ್ಟ ಹಲಸನ್ನು ಒಮ್ಮೆಲೇ ಹೆಚ್ಚು ತಿನ್ನುವುದೂ ಬೇಡ. ಮೈಕೈ ನೋವಿಗೆ ಐಬುಪ್ರೊಫೇನ್‌ನಂಥ ಮಾತ್ರೆಯನ್ನು ಕೇಳದೆ ನುಂಗಬಾರದು. ಲಿಥಿಯಂ ಮಟ್ಟ, ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆಯ ದಿನಾಂಕಗಳನ್ನು ಹೆಂಡತಿ ಅಂಗಡಿಯ ಕ್ಯಾಲೆಂಡರಿನಲ್ಲಿ, ಚಿಟ್ಟಿಯ ಕಂತಿನ ಪಕ್ಕದಲ್ಲೇ ಗುರುತು ಹಾಕಿದ್ದಾರೆ.