ಟೂ-ಸ್ಟ್ರೋಕ್ ಜೆಟ್ ಸ್ಕೀ ಎಂಜಿನ್ನಿನ ಕ್ರ್ಯಾಂಕ್‌ಕೇಸಿಗೆ ಎಪಾಕ್ಸಿ ತುಂಬಿದರೆ ಪ್ರಯೋಜನವಿದೆಯೇ?

ನಿಮ್ಮದು ಎರಡು ಸಿಲಿಂಡರಿನ, ರೀಡ್ ವಾಲ್ವಿನ (ಮಿಶ್ರಣವನ್ನು ಒಳಗೆ ಮಾತ್ರ ಬಿಡುವ ತೆಳು ಎಸಳಿನ ಕವಾಟದ) 760 ಸಿಸಿ ಎಂಜಿನ್. ಕ್ರ್ಯಾಂಕ್‌ಕೇಸಿನ (ಪಿಸ್ಟನ್ನಿನ ಕೆಳಗೆ ಕ್ರ್ಯಾಂಕ್ ತಿರುಗುವ ಕವಚದ) ಒಳಗಿನ ಖಾಲಿ ಜಾಗಕ್ಕೆ ಎಪಾಕ್ಸಿ (ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ಅಂಟು) ತುಂಬಿದರೆ ಶಕ್ತಿ ಹೆಚ್ಚುತ್ತದೆಯೇ, ತುಂಬಿದ್ದು ಕಳಚಿಕೊಳ್ಳದೆ ನಿಲ್ಲುತ್ತದೆಯೇ ಎಂದು ಕೇಳಿದ್ದೀರಿ. ಸರಿಯಾಗಿ ಮಾಡಿದರೆ ಅದು ನಿಲ್ಲುತ್ತದೆ, ಆದರೆ ನೀವು ಬಯಸುವ ಲಾಭ ಅದರಿಂದ ಸಿಗುವುದಿಲ್ಲ. ಇಂಥ ಎಂಜಿನ್ನುಗಳ ಪೋರ್ಟಿಂಗ್ ಕೆಲಸದಲ್ಲಿ (ಮಿಶ್ರಣ ಹರಿಯುವ ದಾರಿಗಳನ್ನು ಕೊರೆದು ತಿದ್ದುವಲ್ಲಿ) ನಾನೂ ಎಪಾಕ್ಸಿ ಬಳಸುತ್ತೇನೆ, ಆದರೆ ಬಹುಪಾಲು ಕೇಸಿನ ಹೊರಮೈಗೆ.

ಮೊದಲು ಲೆಕ್ಕ ನೋಡೋಣ. ಪಿಸ್ಟನ್ ಕೆಳಗಿಳಿಯುವಾಗ ಕೇಸಿನೊಳಗಿನ ಪೆಟ್ರೋಲ್-ಗಾಳಿಯ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಟ್ರಾನ್ಸ್‌ಫರ್ ಪೋರ್ಟುಗಳ ಮೂಲಕ ಸಿಲಿಂಡರಿಗೆ ನುಗ್ಗುತ್ತದೆ. ಈ ಒತ್ತಡದ ಅನುಪಾತವನ್ನು ಹೆಚ್ಚಿಸುವುದೇ ತುಂಬುವವರ ಉದ್ದೇಶ. ಒಂದು ಸಿಲಿಂಡರಿನ ಸಾಮರ್ಥ್ಯ 380 ಸಿಸಿ ಮತ್ತು ಪಿಸ್ಟನ್ ಪೂರ್ತಿ ಕೆಳಗಿದ್ದಾಗ ಆ ಭಾಗದ ಕೇಸಿನ ಗಾತ್ರ 900 ಸಿಸಿ ಎಂದುಕೊಂಡರೆ, ಎರಡರ ಮೊತ್ತ 1280 ಅನ್ನು 900ರಿಂದ ಭಾಗಿಸಿದಾಗ ಅನುಪಾತ 1.42 ಆಗುತ್ತದೆ. ಅಲ್ಲಿ 30 ಸಿಸಿಯಷ್ಟು ಎಪಾಕ್ಸಿ ತುಂಬಿದರೆ ಅದು 1250 ಭಾಗಿಸು 870, ಅಂದರೆ 1.44ರ ಹತ್ತಿರ ಬರುತ್ತದೆ. ತಿರುಗುವ ಕ್ರ್ಯಾಂಕಿಗೂ ಅದನ್ನು ಪಿಸ್ಟನ್ನಿಗೆ ಜೋಡಿಸುವ ರಾಡಿಗೂ ತಾಗದಂತೆ 30 ಸಿಸಿ ತುಂಬಲು ಜಾಗ ಹುಡುಕುವುದೇ ಕಷ್ಟ. ಇಷ್ಟೆಲ್ಲ ಮಾಡಿ ಗಳಿಸಿದ್ದು ಎರಡನೇ ದಶಮಾಂಶದಲ್ಲಿ ಒಂದೆರಡು ಅಂಕಿ ಮಾತ್ರ. ನಿಮ್ಮ ಎಂಜಿನ್ನಿನ ನಿಜವಾದ ಗಾತ್ರ ಬೇಕಿದ್ದರೆ ಪಿಸ್ಟನ್ನನ್ನು ಕೆಳಗಿಟ್ಟು, ತೆಳುವಾದ ಎಣ್ಣೆಯನ್ನು ಅಳತೆಯ ಕೊಳವೆಯಿಂದ ಸುರಿದು ಅಳೆಯಿರಿ.

ಇನ್ನೊಂದು ಕಾರಣವೂ ಇದೆ. ಟ್ಯೂನ್ಡ್ ಪೈಪ್ (ಒತ್ತಡದ ಅಲೆಗಳಿಗೆ ಹೊಂದುವಂತೆ ರೂಪಿಸಿದ ಎಕ್ಸಾಸ್ಟ್ ಕೊಳವೆ) ಇರುವ ಎಂಜಿನ್ನಿನಲ್ಲಿ ಮಿಶ್ರಣವನ್ನು ಮೇಲಕ್ಕೆ ಸಾಗಿಸುವುದು ಕೇಸಿನ ಒತ್ತಡವೊಂದೇ ಅಲ್ಲ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಮೋಟಾರ್ ಸೈಕಲ್ ಕಾರ್ಖಾನೆಯಲ್ಲಿ ಎಂಜಿನಿಯರ್ ವಾಲ್ಟರ್ ಕಾಡೆನ್ ಇಂಥ ಪೈಪಾದ ಎಕ್ಸ್‌ಪಾನ್ಷನ್ ಚೇಂಬರನ್ನು ಬೆಳೆಸಿದ ಮೇಲೆ, ಎಕ್ಸಾಸ್ಟಿನ ಅಲೆಯೇ ಸಿಲಿಂಡರಿನ ಮೂಲಕ ಕೇಸಿನಿಂದ ಮಿಶ್ರಣವನ್ನು ಎಳೆದುಕೊಳ್ಳುತ್ತದೆಂಬುದು ಎಲ್ಲರಿಗೂ ಮನವರಿಕೆಯಾಯಿತು. ಹಾಗೆ ಎಳೆಯುವಾಗ ಕೇಸಿನಲ್ಲಿ ಸಾಕಷ್ಟು ಸಂಗ್ರಹ ಇರಬೇಕು; ಗಾತ್ರ ತೀರ ಕುಗ್ಗಿಸಿದರೆ ಮೇಲಿನ ಆರ್‌ಪಿಎಂನಲ್ಲಿ ನಷ್ಟವಾಗಬಹುದು.

ಹಾಗಾದರೆ ಎಪಾಕ್ಸಿ ಎಲ್ಲಿ ಬೇಕು? ಸಿಲಿಂಡರಿನ ಟ್ರಾನ್ಸ್‌ಫರ್ ಪೋರ್ಟ್ ಅಗಲವಾಗಿದ್ದು ಕೇಸಿನ ಕಡೆಯ ದಾರಿ ಕಿರಿದಾಗಿದ್ದರೆ ಅವೆರಡು ಕೂಡುವಲ್ಲಿ ಮೆಟ್ಟಿಲು ಉಳಿಯುತ್ತದೆ. ಅದನ್ನು ಒಳಗಿನಿಂದ ಕೊರೆದು ಸಮ ಮಾಡುವಾಗ ಎರಕದ ಗೋಡೆ ತೆಳುವಾಗಿ ತೂತು ಬೀಳುವ ಭಯವಿರುತ್ತದೆ. ಆದ್ದರಿಂದ ಕೊರೆಯುವ ಮೊದಲೇ ಆ ಜಾಗದ ಹೊರಮೈಗೆ ಎಪಾಕ್ಸಿಯನ್ನು ದಪ್ಪವಾಗಿ ಕಟ್ಟಿಕೊಳ್ಳುತ್ತೇನೆ. ಹೊರಗೆ ಕಟ್ಟಿದ್ದು ಒಂದು ವೇಳೆ ಸಡಿಲವಾದರೂ ಎಂಜಿನ್ನಿನೊಳಗೆ ಬೀಳುವುದಿಲ್ಲ. ಒಳಗೆ ಮೆತ್ತಿದ ಚೂರು ಕಳಚಿದರೆ ಮಿಶ್ರಣದ ಜೊತೆಗೇ ಹೊರಟು ಟ್ರಾನ್ಸ್‌ಫರ್ ಪೋರ್ಟಿನಲ್ಲಿ ಪಿಸ್ಟನ್ನಿನ ಅಂಚಿಗೆ ಸಿಕ್ಕಿಕೊಳ್ಳಬಹುದು, ಇಲ್ಲವೇ ರಾಡಿನ ಕೆಳತುದಿಯ ಬಿಗ್ ಎಂಡ್ ಬೇರಿಂಗಿಗೆ ಸೇರಬಹುದು. ಎರಡರಲ್ಲಿ ಯಾವುದಾದರೂ ಎಂಜಿನ್ ಬಿಚ್ಚಲೇಬೇಕಾಗುತ್ತದೆ.

ಎಪಾಕ್ಸಿ ಕಳಚುವುದಕ್ಕೆ ಬಹುತೇಕ ಸಲ ಕಾರಣ ಅದರ ಕೆಳಗಿನ ಲೋಹ. ವರ್ಷಗಟ್ಟಲೆ ಎಣ್ಣೆ ಬೆರೆತ ಪೆಟ್ರೋಲ್ ಕುಡಿದ ಎರಕದ ಅಲ್ಯೂಮಿನಿಯಂ ಮೇಲ್ನೋಟಕ್ಕೆ ಹೊಳೆಯುತ್ತಿದ್ದರೂ ಅದರ ಸೂಕ್ಷ್ಮ ರಂಧ್ರಗಳಲ್ಲಿ ಎಣ್ಣೆ ಉಳಿದಿರುತ್ತದೆ. ಡಿಗ್ರೀಸರಿನಿಂದ ತೊಳೆದು ಪೂರ್ತಿ ಒಣಗಿಸಿದ ಬರಿಯ ಕೇಸನ್ನು ಓವನ್ನಿನಲ್ಲಿ 100 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಆ ಎಣ್ಣೆ ಕಂದುಬಣ್ಣದ ತೆಳು ಬೆವರಿನಂತೆ ಮೇಲೆ ಬರುತ್ತದೆ. ಕೇಸು ಪೂರ್ತಿ ತಣಿದ ಮೇಲೆ ಅದನ್ನು ಅಸಿಟೋನಿನಲ್ಲಿ ಒರೆಸಿ, ಬಿಳಿ ಬಟ್ಟೆಗೆ ಕಲೆ ಹತ್ತದಿರುವವರೆಗೂ ಮತ್ತೆ ಮತ್ತೆ ಹೀಗೆಯೇ ಮಾಡಬೇಕು. ಅಸಿಟೋನ್ ಬೇಗನೆ ಹೊತ್ತಿಕೊಳ್ಳುವುದರಿಂದ ಒರೆಸುವ ಜಾಗ ಓವನ್ನಿನಿಂದ ದೂರವಿರಲಿ. ಆಮೇಲೆ ಕಾರ್ಬೈಡ್ ಬರ್ರಿನಿಂದಲೋ 60 ನಂಬರಿನ ಸ್ಯಾಂಡ್ ಪೇಪರಿನಿಂದಲೋ ಮೈಯನ್ನು ಒರಟು ಮಾಡಿ, ಹೊಸ ಆಕ್ಸೈಡ್ ಪದರ ದಪ್ಪವಾಗುವ ಮುನ್ನ, ತಡಮಾಡದೆ ಎಪಾಕ್ಸಿ ಹಚ್ಚಬೇಕು. ಮೊದಲ ಪದರ ತೆಳುವಾಗಿರಲಿ, ಅದನ್ನು ಬೆರಳಿನಿಂದ (ಕೈಗವಸು ಹಾಕಿಕೊಂಡು) ಗೀರುಗಳೊಳಗೆ ಒತ್ತಿ ತಿಕ್ಕಿ, ಅದರ ಮೇಲೆ ದಪ್ಪ ಪದರ ಕಟ್ಟಿರಿ.

ಅಂಚಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಎಪಾಕ್ಸಿಯನ್ನು ಅಂಚಿನಲ್ಲಿ ಕಾಗದದಷ್ಟು ತೆಳುವಾಗಿ ಸವರಿ ಬಿಟ್ಟರೆ ನೋಡಲು ನುಣುಪಾಗಿರುತ್ತದೆ, ಆದರೆ ಸಿಪ್ಪೆ ಏಳುವುದು ಅಲ್ಲಿಂದಲೇ. ಬಿಸಿಯಾದಾಗ ಅಲ್ಯೂಮಿನಿಯಂ ಹಿಗ್ಗುವುದಕ್ಕಿಂತ ಸಾಮಾನ್ಯವಾಗಿ ಎಪಾಕ್ಸಿ ಹೆಚ್ಚು ಹಿಗ್ಗುತ್ತದೆ, ಆ ಎಳೆತವೆಲ್ಲ ಅಂಚಿನ ಮೇಲೆ ಬೀಳುತ್ತದೆ. ಆದ್ದರಿಂದ ಗೋಡೆಯ ದಪ್ಪ ಅನುಮತಿಸುವ ಕಡೆ ಲೋಹದಲ್ಲಿ ಒಂದು ಮಿಲಿಮೀಟರಿನಷ್ಟು ಆಳದ ಸಣ್ಣ ಮೆಟ್ಟಿಲು ಕೊರೆದು ಎಪಾಕ್ಸಿ ಅದರೊಳಗೆ ಮುಗಿಯುವಂತೆ ಮಾಡುತ್ತೇನೆ.

ಲೋಹದ ಪುಡಿ ಬೆರೆಸಿದ, ಪೆಟ್ರೋಲಿಗೆ ಜಗ್ಗದ ಎಪಾಕ್ಸಿಯನ್ನೇ ಆರಿಸಿ. ಕಾರಿನ ಬಾಡಿಗೆ ಹಚ್ಚುವ ಪಾಲಿಯೆಸ್ಟರ್ ಫಿಲ್ಲರ್ ಇಲ್ಲಿಗೆ ತಕ್ಕದ್ದಲ್ಲ. ಮೆಥನಾಲ್ ಇಂಧನ ಬಳಸುವುದಾದರೆ ಒಳಮೈಗೆ ಎಪಾಕ್ಸಿಯೇ ಬೇಡ. ಹೊಸ ಮಿಶ್ರಣ ಹರಿಯುತ್ತಿರುವುದರಿಂದ ಕೇಸು ಸಿಲಿಂಡರ್ ಹೆಡ್ಡಿನಷ್ಟು ಬಿಸಿಯಾಗುವುದಿಲ್ಲ ಎಂಬುದು ನಿಜ. ಆದರೆ ವೇಗವಾಗಿ ಓಡಿಸಿ ತಟ್ಟನೆ ನಿಲ್ಲಿಸಿದಾಗ ತಂಪು ನೀರು ನಿಂತು, ಸಿಲಿಂಡರಿನ ಬಿಸಿಯೆಲ್ಲ ಕೆಳಗಿಳಿಯುತ್ತದೆ. ಕೋಣೆಯ ತಾಪದಲ್ಲಷ್ಟೇ ಗಟ್ಟಿಯಾದ ಎಪಾಕ್ಸಿ ಅಂಥ ಬಿಸಿಗೆ ಮೆತ್ತಗಾಗುವ ಸಾಧ್ಯತೆ ಇರುವುದರಿಂದ, ತಯಾರಕರು ಹೇಳಿದ ತಾಪದಲ್ಲಿ, ಹೇಳಿದಷ್ಟು ಹೊತ್ತು ಅದನ್ನು ಕಾಯಿಸಿ ಹದಗೊಳಿಸುವುದನ್ನು ಬಿಡಬೇಡಿ.

ಕೊನೆಯಲ್ಲಿ ಕ್ರ್ಯಾಂಕನ್ನು ಕೂರಿಸಿ ಕೈಯಿಂದ ಪೂರ್ತಿ ಸುತ್ತು ತಿರುಗಿಸಿ ನೋಡಿ. ರಾಡಿಗೂ ಎಪಾಕ್ಸಿಗೂ ನಡುವೆ ಎಲ್ಲಿಯೂ 1.5 ಮಿಲಿಮೀಟರಿಗಿಂತ ಕಡಿಮೆ ಅಂತರ ನಾನು ಬಿಡುವುದಿಲ್ಲ. ಮೇನ್ ಬೇರಿಂಗಿಗೆ ಎಣ್ಣೆ ಹೋಗುವ ಸಣ್ಣ ರಂಧ್ರಗಳು ತೆರೆದೇ ಇರಬೇಕು. ಎಂಜಿನ್ ಜೋಡಿಸಿದ ಮೇಲೆ ಇಂಟೇಕ್ ಮತ್ತು ಎಕ್ಸಾಸ್ಟ್ ಬಾಯಿಗಳನ್ನು ಮುಚ್ಚಿ ಸುಮಾರು 6 ಪಿಎಸ್‌ಐ ಗಾಳಿ ತುಂಬಿ, ಕೆಲವು ನಿಮಿಷ ಗೇಜಿನ ಮುಳ್ಳು ಇಳಿಯದೆ ನಿಲ್ಲುತ್ತದೆಯೇ ನೋಡಿ. ಇಳಿದರೆ ಎಪಾಕ್ಸಿ ಕಟ್ಟಿದ ಜಾಗಕ್ಕೂ ಕೇಸಿನ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿ, ಏಕೆಂದರೆ ಸೋರುವ ಕೇಸು ಹೊರಗಿನ ಗಾಳಿಯನ್ನು ಎಳೆದುಕೊಂಡು ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ತಗ್ಗಿಸಿ ಪಿಸ್ಟನ್ನನ್ನು ಸುಡುತ್ತದೆ.