ಎರಕದಲ್ಲಿ ಟೊಳ್ಳು ಉಳಿಸಲು ಅಚ್ಚಿನೊಳಗಿಡುವ ಮರಳಿನ ಕೋರ್‌ಗೆ ಹಚ್ಚಿದ ಜಿರ್ಕಾನ್ ಎಂಬ ಶಾಖ ತಡೆಯುವ ಖನಿಜದ ಲೇಪ ಒಣಗಿದ ಮೇಲೆ ಹಪ್ಪಳದಂತೆ ಏಳುತ್ತಿದೆ, ಅಂಟು ಹೆಚ್ಚಿಸಬೇಕೇ?

ಬೇಡ, ಅಂಟಿನ ಡಬ್ಬಿಯನ್ನು ಸದ್ಯಕ್ಕೆ ಮುಟ್ಟಬೇಡಿ. ಎದ್ದ ಹಪ್ಪಳವೊಂದನ್ನು ಕಿತ್ತು ಅದರ ಬೆನ್ನು ನೋಡಿ. ಮರಳಿನ ಕಣಗಳು ಕಿತ್ತುಕೊಂಡು ಬಂದಿದ್ದರೆ ಲೇಪ ಒಳಗಿಳಿದಿದೆ, ಕೋರ್‌ನ ಮೈಯೇ ಸಡಿಲವಾಗಿದೆ. ಬೆನ್ನು ನುಣುಪಾಗಿದ್ದರೆ ಲೇಪ ರಂಧ್ರಗಳೊಳಗೆ ಇಳಿದೇ ಇಲ್ಲ. ಎರಡಕ್ಕೂ ಮದ್ದು ಬೇರೆ: ಮೊದಲನೆಯದನ್ನು ಕೋರ್‌ನಲ್ಲೇ ಸರಿಪಡಿಸಬೇಕು, ಎರಡನೆಯದನ್ನು ಲೇಪದಲ್ಲಿ.

ನಾನು ಕೊಪ್ಪಳದ ಬಳಿಯ ಎರಕದ ಕಾರ್ಖಾನೆಯೊಂದರಲ್ಲಿ ಕೋರ್ ವಿಭಾಗದವನು. ಹೊಸದರಲ್ಲಿ ನಾನೂ ಅಂಟು ಹೆಚ್ಚಿಸಿದ್ದೆ. ಹಪ್ಪಳಗಳು ಇನ್ನಷ್ಟು ದೊಡ್ಡದಾಗಿ ಎದ್ದವು. ನಮ್ಮ ಕಡೆ ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊರಮೈಯಿಂದ ನೀರು ಆರುವಾಗ ಅದರಲ್ಲಿ ಕರಗಿದ ಅಂಟೂ ಮೇಲಕ್ಕೆ ಬಂದು ಗಟ್ಟಿ ಚರ್ಮವಾಗುತ್ತದೆ. ಚರ್ಮ ಬಿಗಿದು ಕುಗ್ಗುತ್ತದೆ, ಬುಡದಲ್ಲಿ ಹಿಡಿತ ಉಳಿಯುವುದಿಲ್ಲ. ಸಾಲದ್ದಕ್ಕೆ, ಲೋಹ ಹೊಯ್ದಾಗ ಆ ಹೆಚ್ಚಿನ ಅಂಟು ಸುಟ್ಟು ಅನಿಲವಾಗಿ ಎರಕದಲ್ಲಿ ಗುಳ್ಳೆ ಬಿಡುತ್ತದೆ.

ಬೆನ್ನು ನುಣುಪಾಗಿದ್ದರೆ ವೆಟ್ಟಿಂಗ್ ಏಜೆಂಟ್ ಹನಿ ಹನಿಯಾಗಿ ಸೇರಿಸಿ. ರಾಳ ಹಾಕಿದ ಮರಳು ನೀರನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಈ ದ್ರವ ನೀರಿನ ಮೇಲ್ಮೈ ಬಿಗಿತವನ್ನು ಇಳಿಸುತ್ತದೆ. ಅತಿಯಾದರೆ ನೊರೆಯೇಳುತ್ತದೆ, ಪ್ರತಿ ಗುಳ್ಳೆಯೂ ಲೇಪದಲ್ಲಿ ಸೂಜಿ ತೂತಾಗುತ್ತದೆ.

ಕೋರ್ ನೀರನ್ನು ತೀರಾ ಬೇಗ ಹೀರುತ್ತಿದ್ದರೆ ಕಥೆಯೇ ಬೇರೆ. ಒಣಗೋಡೆಗೆ ನೀರು ಚಿಮುಕಿಸದೆ ಸುಣ್ಣ ಬಳಿದರೆ ಏನಾಗುತ್ತದೆಂದು ನೀವು ನೋಡಿರಬಹುದು: ಗೋಡೆ ನೀರನ್ನಷ್ಟೇ ಕುಡಿಯುತ್ತದೆ, ಪುಡಿ ಹೊರಗೇ ದಪ್ಪಗೆ ಕೂರುತ್ತದೆ. ಇಲ್ಲಿ ಸಿ.ಎಂ.ಸಿ. (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಎಂಬ, ನೀರಲ್ಲಿ ಕರಗುವ ಗೋಂದಿನಂಥ ಪುಡಿ) ನೆರವಿಗೆ ಬರುತ್ತದೆ. ಅದು ನೀರನ್ನೇ ಮಂದವಾಗಿಸಿ ಹೀರಿಕೆಯನ್ನು ನಿಧಾನಗೊಳಿಸುತ್ತದೆ. ಬೆಂಟೊನೈಟ್ ಎಂಬ ಜೇಡಿಮಣ್ಣಿನ ಮುಖ್ಯ ಕೆಲಸವೇ ಬೇರೆ. ಜಿರ್ಕಾನ್ ನೀರಿಗಿಂತ ಸುಮಾರು 4.6 ಪಟ್ಟು ಭಾರ, ತಳ ಸೇರಲು ಕಾಯುತ್ತಿರುತ್ತದೆ. ಅದನ್ನು ಎತ್ತಿ ಹಿಡಿಯುವುದು ಈ ಜೇಡಿ. ರಾತ್ರಿಯಿಡೀ ನೆನೆಸಿಯೇ ಬಳಸಿ, ಅರೆನೆಂದದ್ದನ್ನು ಹಾಕಿದರೆ ಲೇಪ ಮರುದಿನ ಗಟ್ಟಿಯಾಗುತ್ತದೆ. ಕಣಗಳನ್ನು ಬಿಡಿಸುವ ಡಿಸ್ಪರ್ಸೆಂಟ್‌ಗೂ ಮಿತಿಯುಂಟು: ಹೆಚ್ಚಾದರೆ ಕಣಗಳು ಮತ್ತೆ ಗುಂಪುಗಟ್ಟುತ್ತವೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೂ ಒಂದು ಲೀಟರ್ ಲೇಪದಲ್ಲಿ. ಲೇಪದ ಸಾಂದ್ರತೆ ತೋರಿಸುವ ಬೋಮೆ ಮಾಪಕದ ಅಂಕಿ ಬರೆದಿಟ್ಟುಕೊಳ್ಳಿ. ಒಣಗಿದ ಕೋರ್ ಅನ್ನು ಮುರಿದು ನೋಡಿ, ಲೇಪ ಎರಡರಿಂದ ನಾಲ್ಕು ಮರಳುಕಣಗಳಷ್ಟು ಆಳಕ್ಕೆ ಇಳಿದಿರಬೇಕು.

ಇಷ್ಟೆಲ್ಲದರ ಮೊದಲು ಡ್ರಮ್ಮನ್ನು ಮೂಸಿ ನೋಡಿ. ಬೇಸಿಗೆಯಲ್ಲಿ ಬ್ಯಾಕ್ಟೀರಿಯಾ ಸಿ.ಎಂ.ಸಿ.ಯನ್ನು ತಿಂದು ಲೇಪವನ್ನು ನೀರಾಗಿಸುತ್ತವೆ. ಹುಳಿ ವಾಸನೆ ಬಂದರೆ ಯಾವ ಪುಡಿಯೂ ಅದನ್ನು ಉಳಿಸುವುದಿಲ್ಲ, ಚೆಲ್ಲಿ ಡ್ರಮ್ ತೊಳೆಯಿರಿ.